ಟ್ರೈಲರಿನ ನಿಜ ತೂಕವೂ ಲಾರಿಯ ಮಿತಿಯೂ: ತಾಳೆ ನೋಡುವ ಕ್ರಮ

ಎತ್ತಿನ ಗಾಡಿ ಹೂಡುತ್ತಿದ್ದ ಕಾಲದಲ್ಲಿ ಹೇರು ತುಂಬುವ ರೈತನು ಎರಡು ವಿಷಯಗಳನ್ನು ತಪ್ಪದೆ ಗಮನಿಸುತ್ತಿದ್ದನು. ಎತ್ತುಗಳು ಎಳೆಯಬಲ್ಲ ಒಟ್ಟು ಭಾರವೆಷ್ಟು ಎಂಬುದು ಒಂದು. ಆ ಭಾರವು ಗಾಡಿಯ ಮೇಲೆ ಹೇಗೆ ಕುಳಿತಿದೆ ಎಂಬುದು ಇನ್ನೊಂದು. ಮುಂಭಾರವಾದರೆ ನೊಗವು ಎತ್ತಿನ ಹೆಗಲನ್ನು ಒತ್ತಿ ಹುಣ್ಣು ಮಾಡುತ್ತಿತ್ತು. ಹಿಂಭಾರವಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತಿತ್ತು. ಎತ್ತು ನಿಂತರೆ, ಮುಗ್ಗರಿಸಿದರೆ, ರೈತನಿಗೆ ತನ್ನ ತಪ್ಪು ಕೂಡಲೇ ತಿಳಿಯುತ್ತಿತ್ತು.

ಇಂದು ಎತ್ತುಗಳ ಸ್ಥಾನದಲ್ಲಿ ನೂರಾರು ಅಶ್ವಶಕ್ತಿಯ ಎಂಜಿನ್ ಇದೆ. ಹೇರಿನ ಪ್ರಮಾಣವು ಕ್ವಿಂಟಾಲುಗಳಿಂದ ಟನ್ನುಗಳಿಗೆ ಏರಿದೆ. ನೋಡಬೇಕಾದ ವಿಷಯಗಳು ಮಾತ್ರ ಅವೇ ಎರಡು. ವ್ಯತ್ಯಾಸವೆಂದರೆ, ಲಾರಿಯು ತನ್ನ ನೋವನ್ನು ಎತ್ತಿನಂತೆ ತೋರಿಸುವುದಿಲ್ಲ. ಮಿತಿ ಮೀರಿದ ಹೇರನ್ನೂ ಅದು ಸಮತಟ್ಟಾದ ರಸ್ತೆಯಲ್ಲಿ ಎಳೆದುಕೊಂಡು ಹೋಗುತ್ತದೆ. ತಪ್ಪು ಗೊತ್ತಾಗುವುದು ಘಟ್ಟದ ಇಳಿಜಾರಿನಲ್ಲಿ. ಆಗ ತಿದ್ದಿಕೊಳ್ಳಲು ಸಮಯವಿರುವುದಿಲ್ಲ.

ನಾವಾ ಶೇವಾದಲ್ಲಿ 1989ರಲ್ಲಿ ಆರಂಭವಾದ ಜವಾಹರಲಾಲ್ ನೆಹರು ಬಂದರಿನಿಂದ ಕಂಟೇನರ್ ಹೊತ್ತ ಟ್ರೈಲರುಗಳು ಹಗಲಿರುಳೂ ಹೊರಡುತ್ತವೆ. ಚೆನ್ನೈ ಬಂದರಿನ ಸುತ್ತಲೂ, ಹೈದರಾಬಾದು ಮತ್ತು ದೆಹಲಿಯ ಹೊರವಲಯದ ಗೋದಾಮುಗಳ ಬಳಿಯೂ ಇದೇ ನೋಟ. ಈ ಉದ್ಯೋಗದಲ್ಲಿ ಚಾಲಕರಾಗಿ, ಒಂದೆರಡು ಲಾರಿಗಳ ಮಾಲೀಕರಾಗಿ, ಗುಮಾಸ್ತರಾಗಿ, ಸರಕು ಕಳುಹಿಸುವ ವ್ಯಾಪಾರಿಗಳಾಗಿ ತೊಡಗಿರುವ ಕನ್ನಡಿಗರಿಗೆ ನೆರವಾಗಲೆಂದು, ನಿಜ ತೂಕವನ್ನು ಕಂಡುಕೊಂಡು ವಾಹನದ ಮಿತಿಯೊಡನೆ ತಾಳೆ ನೋಡುವ ಕ್ರಮವನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ತಿಳಿದಿರಬೇಕಾದ ಪದಗಳು

ಖಾಲಿ ತೂಕ: ಹೇರು ಇಲ್ಲದ ವಾಹನದ ತೂಕ. ಇದು ನೋಂದಣಿ ಪತ್ರದಲ್ಲಿ, ಅಂದರೆ ಆರ್.ಸಿ.ಯಲ್ಲಿ, ನಮೂದಾಗಿರುತ್ತದೆ.

ಒಟ್ಟು ವಾಹನ ತೂಕ: ವಾಹನ ಮತ್ತು ಹೇರು ಸೇರಿ ಆ ವಾಹನಕ್ಕೆ ಅನುಮತಿಸಲಾದ ಗರಿಷ್ಠ ತೂಕ. ಎಳೆಯುವ ಲಾರಿ ಮತ್ತು ಟ್ರೈಲರ್ ಜೋಡಿಯಾಗಿ ಓಡುವಾಗ ಎರಡೂ ಸೇರಿದ ಒಟ್ಟು ತೂಕಕ್ಕೆ ಪ್ರತ್ಯೇಕ ಮಿತಿಯಿದೆ.

ಆಕ್ಸಲ್ ತೂಕ: ಗಾಲಿಗಳ ಒಂದು ಅಚ್ಚಿನ ಮೂಲಕ ರಸ್ತೆಗೆ ಇಳಿಯುವ ಭಾರ. ಪ್ರತಿ ಆಕ್ಸಲಿಗೂ, ಒತ್ತಾಗಿ ಜೋಡಿಸಿದ ಎರಡು ಅಥವಾ ಮೂರು ಆಕ್ಸಲುಗಳ ಗುಂಪಿಗೂ, ಬೇರೆ ಬೇರೆ ಮಿತಿಗಳಿವೆ.

ಕಿಂಗ್‌ಪಿನ್ ಭಾರ: ಕಂಟೇನರ್ ಸಾಗಿಸುವ ಟ್ರೈಲರುಗಳಿಗೆ ಸಾಮಾನ್ಯವಾಗಿ ಮುಂಭಾಗದಲ್ಲಿ ಗಾಲಿಗಳಿರುವುದಿಲ್ಲ. ಅದರ ಮುಂಭಾಗದ ಕಿಂಗ್‌ಪಿನ್ ಎಂಬ ಉಕ್ಕಿನ ಗೂಟವು ಎಳೆಯುವ ಲಾರಿಯ ಹಿಂಬದಿಯ ಫಿಫ್ತ್ ವ್ಹೀಲ್ ಎಂಬ ತಟ್ಟೆಯಲ್ಲಿ ಕೂರುತ್ತದೆ. ಹೀಗಾಗಿ ಟ್ರೈಲರಿನ ಭಾರದ ಒಂದು ಪಾಲನ್ನು ಲಾರಿಯೇ ಹೊರುತ್ತದೆ. ಗಾಡಿಯ ನೊಗದ ಮೇಲೆ ಬೀಳುವ ಮುಂಭಾರಕ್ಕೆ ಇದನ್ನು ಹೋಲಿಸಬಹುದು.

ಮಿತಿಗಳು ಎಲ್ಲಿ ದೊರೆಯುತ್ತವೆ

ಮೋಟಾರು ವಾಹನಗಳ ಅಧಿನಿಯಮ, 1988ರ 58ನೆಯ ಪ್ರಕರಣದ ಮೇರೆಗೆ, ಸಾರಿಗೆ ವಾಹನದ ನೋಂದಣಿ ಪತ್ರದಲ್ಲಿ ಖಾಲಿ ತೂಕ, ಒಟ್ಟು ತೂಕ, ಟೈರುಗಳ ಸಂಖ್ಯೆ ಮತ್ತು ಅಳತೆ ಹಾಗೂ ಆಕ್ಸಲ್ ತೂಕಗಳನ್ನು ನಮೂದಿಸಬೇಕಾಗಿದೆ. ಆದುದರಿಂದ ಮೊದಲು ನೋಡಬೇಕಾದ ದಾಖಲೆ ಇದೇ. ಟ್ರೈಲರಿಗೆ ಪ್ರತ್ಯೇಕ ನೋಂದಣಿ ಇರುವುದರಿಂದ ಎರಡೂ ಪತ್ರಗಳನ್ನು ಜೊತೆಯಲ್ಲಿಟ್ಟು ಓದತಕ್ಕದ್ದು.

ಕೇಂದ್ರ ಸರ್ಕಾರವು 2018ರ ಜುಲೈ ತಿಂಗಳ ಅಧಿಸೂಚನೆಯ ಮೂಲಕ ಸುರಕ್ಷಿತ ಆಕ್ಸಲ್ ತೂಕಗಳನ್ನು ಪರಿಷ್ಕರಿಸಿತು. ನಾಲ್ಕು ಟೈರುಗಳ ಒಂಟಿ ಆಕ್ಸಲಿಗೆ ಅದುವರೆಗೆ ಇದ್ದ 10.2 ಟನ್ ಮಿತಿಯು 11.5 ಟನ್ನಿಗೂ, ಎಂಟು ಟೈರುಗಳ ಜೋಡಿ ಆಕ್ಸಲಿಗೆ ಇದ್ದ 19 ಟನ್ ಮಿತಿಯು 21 ಟನ್ನಿಗೂ ಏರಿತು. ಟ್ರೈಲರಿನ ಹಿಂಬದಿಯ ಮೂರು ಆಕ್ಸಲುಗಳ ಗುಂಪಿಗೆ 27 ಟನ್ ನಿಗದಿಯಾಯಿತು. ಲಾರಿ ಮತ್ತು ಟ್ರೈಲರ್ ಜೋಡಿಯ ಗರಿಷ್ಠ ಒಟ್ಟು ತೂಕವು 49 ಟನ್ನಿನಿಂದ 55 ಟನ್ನಿಗೆ ಏರಿತು. ಆದರೆ ಇವು ಸಾಮಾನ್ಯ ಮೇಲ್ಮಿತಿಗಳು. ತಮ್ಮ ವಾಹನದ ನೋಂದಣಿ ಪತ್ರದಲ್ಲಿ ಕಡಿಮೆ ಅಂಕಿ ಇದ್ದಲ್ಲಿ ಆ ಅಂಕಿಯೇ ತಮಗೆ ಅನ್ವಯಿಸುತ್ತದೆ ಎಂಬುದನ್ನು ಮರೆಯಬಾರದು.

ಇವಲ್ಲದೆ ಇನ್ನೂ ಮೂರು ಕಡೆ ಮಿತಿಗಳು ಬರೆದಿರುತ್ತವೆ. ಫಿಫ್ತ್ ವ್ಹೀಲಿನ ಮೇಲೆ ತಯಾರಕರು ಕೂರಿಸಿದ ಫಲಕದಲ್ಲಿ ಅದು ಹೊರಬಲ್ಲ ಭಾರವಿದೆ. ಟೈರಿನ ಪಕ್ಕದಲ್ಲಿ ಅದರ ಭಾರಸಾಮರ್ಥ್ಯದ ಸಂಕೇತವಿದೆ. ಕಂಟೇನರಿನ ಬಾಗಿಲಿನ ಮೇಲೆ ಅದರ ಖಾಲಿ ತೂಕ ಮತ್ತು ಗರಿಷ್ಠ ಒಟ್ಟು ತೂಕಗಳಿವೆ. ಈ ಎಲ್ಲ ಮಿತಿಗಳಲ್ಲಿ ಯಾವುದು ಮೊದಲು ತಲುಪುತ್ತದೆಯೋ ಅದೇ ನಿಜವಾದ ಮಿತಿ. ಸರಪಳಿಯ ಬಲವು ಅದರ ಅತಿ ದುರ್ಬಲ ಕೊಂಡಿಯ ಬಲಕ್ಕಿಂತ ಹೆಚ್ಚಿರಲಾರದಷ್ಟೆ.

ಕಾಗದದ ತೂಕವನ್ನು ಏಕೆ ನಂಬಬಾರದು

ಬಿಲ್ಲಿನಲ್ಲಿ ಬರೆದ ತೂಕವು ಬಹುಮಟ್ಟಿಗೆ ಮಾರಾಟವಾದ ಸರಕಿನ ತೂಕ ಮಾತ್ರ. ಚೀಲ, ಪೆಟ್ಟಿಗೆ, ಮರದ ಹಲಗೆಮಣೆ, ಹಗ್ಗ, ಬಿಗಿಯಲು ಇಟ್ಟ ಮರದ ತುಂಡುಗಳು ಅದರಲ್ಲಿ ಸೇರಿರುವುದಿಲ್ಲ. ಮರಳು, ಮರ, ಹತ್ತಿ ಮೊದಲಾದ ಸರಕುಗಳು ನೆನೆದರೆ ತೂಕ ಹೆಚ್ಚುತ್ತದೆ. ಬಾಡಿಗೆ ಅಥವಾ ಸುಂಕ ಉಳಿಸಲೆಂದು ಬೇಕೆಂದೇ ಕಡಿಮೆ ಬರೆಯುವವರೂ ಇಲ್ಲದಿಲ್ಲ.

ಇದರ ಪರಿಣಾಮವು ರಸ್ತೆಗೆ ಸೀಮಿತವಾದುದಲ್ಲ. 2007ರ ಜನವರಿಯಲ್ಲಿ ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ಎಂ.ಎಸ್.ಸಿ. ನಾಪೋಲಿ ಎಂಬ ಕಂಟೇನರ್ ಹಡಗಿನ ಒಡಲು ಬಿರುಗಾಳಿಯಲ್ಲಿ ಬಿರಿಯಿತು. ಅನಂತರ ಇಳಿಸಿ ತೂಗಿದ ಅಟ್ಟದ ಮೇಲಿನ 660 ಕಂಟೇನರುಗಳ ಪೈಕಿ 137ರ ತೂಕವು ಕಾಗದದ ತೂಕಕ್ಕಿಂತ 3 ಟನ್ನಿಗೂ ಹೆಚ್ಚು ವ್ಯತ್ಯಾಸವುಳ್ಳದ್ದಾಗಿತ್ತು. ಒಂದರಲ್ಲಿ ಈ ವ್ಯತ್ಯಾಸವು 20 ಟನ್ ಇತ್ತು. ಇಂತಹ ಅನುಭವಗಳ ಹಿನ್ನೆಲೆಯಲ್ಲಿ, ಹಡಗಿಗೆ ಏರಿಸುವ ಮುನ್ನ ತುಂಬಿದ ಪ್ರತಿ ಕಂಟೇನರಿನ ಪರಿಶೀಲಿತ ಒಟ್ಟು ತೂಕವನ್ನು ಸರಕು ಕಳುಹಿಸುವವರು ಒದಗಿಸಬೇಕೆಂಬ ಅಂತರರಾಷ್ಟ್ರೀಯ ನಿಯಮವು 2016ರ ಜುಲೈ 1ರಿಂದ ಜಾರಿಗೆ ಬಂದಿದೆ. ತುಂಬಿದ ಕಂಟೇನರನ್ನೇ ತೂಗುವುದು ಒಂದು ವಿಧಾನ. ಒಳಗಿನ ಪ್ರತಿಯೊಂದು ವಸ್ತುವನ್ನೂ ತೂಗಿ, ಕೂಡಿಸಿ, ಅದಕ್ಕೆ ಕಂಟೇನರಿನ ಖಾಲಿ ತೂಕವನ್ನು ಸೇರಿಸುವುದು ಇನ್ನೊಂದು. ಅಂದಾಜಿಗೆ ಎರಡರಲ್ಲಿಯೂ ಸ್ಥಾನವಿಲ್ಲ.

ತೂಗುವ ಕ್ರಮ

ಹೆದ್ದಾರಿಗಳ ಬದಿಯಲ್ಲಿ ವೇಬ್ರಿಜ್‌ಗಳಿವೆ. ಉತ್ತರ ಭಾರತದಲ್ಲಿ ಇವನ್ನು ಧರ್ಮಕಾಂಟಾ ಎನ್ನುತ್ತಾರೆ. ಕಾನೂನು ಮಾಪನಶಾಸ್ತ್ರದ ನಿಯಮಗಳ ಪ್ರಕಾರ ಇವುಗಳನ್ನು 12 ತಿಂಗಳಿಗೊಮ್ಮೆ ಪರಿಶೀಲಿಸಿ ಮುದ್ರೆ ಒತ್ತಬೇಕು. ಪರಿಶೀಲನಾ ಪ್ರಮಾಣಪತ್ರವನ್ನು ಕೇಳಿ ನೋಡುವುದು ಗ್ರಾಹಕರ ಹಕ್ಕು. ತೂಗುವಾಗ ಅನುಸರಿಸಬೇಕಾದ ಕ್ರಮ ಹೀಗಿದೆ:

1. ಮೊದಲು ಖಾಲಿ ವಾಹನವನ್ನು ಪ್ರಯಾಣಕ್ಕೆ ಸಿದ್ಧವಾದ ಸ್ಥಿತಿಯಲ್ಲಿ ತೂಗಬೇಕು. ಟ್ಯಾಂಕಿನ ತುಂಬ ಡೀಸೆಲ್, ಹೆಚ್ಚುವರಿ ಟೈರು, ಜಾಕ್, ಸರಪಳಿ, ಟಾರ್ಪಾಲಿನ್, ಚಾಲಕ ಮತ್ತು ಕ್ಲೀನರ್ ಎಲ್ಲವೂ ಇರಲಿ. ಡೀಸೆಲ್ ಲೀಟರಿಗೆ ಸುಮಾರು 0.83 ಕಿಲೋ ತೂಗುವುದರಿಂದ 400 ಲೀಟರಿನ ಟ್ಯಾಂಕೊಂದೇ 330 ಕಿಲೋ ಸೇರಿಸುತ್ತದೆ.

2. ಎಳೆಯುವ ಲಾರಿಯನ್ನು ಟ್ರೈಲರಿನಿಂದ ಬಿಡಿಸಿ ಒಮ್ಮೆ ಪ್ರತ್ಯೇಕವಾಗಿ ತೂಗಿಸಿ ಬರೆದಿಟ್ಟುಕೊಳ್ಳಬೇಕು. ಇದನ್ನು ಒಮ್ಮೆ ಮಾಡಿಟ್ಟರೆ ಹಲವು ಪ್ರಯಾಣಗಳಿಗೆ ಉಪಯೋಗವಾಗುತ್ತದೆ.

3. ಹೇರು ತುಂಬಿದ ಮೇಲೆ ಮೂರು ಸಲ ತೂಗಬೇಕು: ಮುಂಗಾಲಿಗಳು ಮಾತ್ರ ತಟ್ಟೆಯ ಮೇಲಿರುವಾಗ ಒಮ್ಮೆ, ಎಳೆಯುವ ಲಾರಿಯ ಎಲ್ಲ ಗಾಲಿಗಳೂ ತಟ್ಟೆಯ ಮೇಲಿದ್ದು ಟ್ರೈಲರಿನ ಗಾಲಿಗಳು ಹೊರಗಿರುವಾಗ ಒಮ್ಮೆ, ಪೂರ್ಣ ವಾಹನವು ತಟ್ಟೆಯ ಮೇಲಿರುವಾಗ ಒಮ್ಮೆ.

4. ತಟ್ಟೆಯ ಎರಡೂ ಬದಿಯ ನೆಲವು ತಟ್ಟೆಯ ಮಟ್ಟಕ್ಕೆ ಸಮನಾಗಿರಬೇಕು. ಅಂಕಿ ಓದುವಾಗ ಗಾಲಿಗಳಿಗೆ ಅಡ್ಡಗಟ್ಟೆ ಕೊಟ್ಟು ಬ್ರೇಕ್ ಸಡಿಲಿಸಬೇಕು. ನೆಲ ಏರುಪೇರಾಗಿದ್ದರೆ ಅಥವಾ ಬ್ರೇಕ್ ಬಿಗಿದಿದ್ದರೆ ಆಕ್ಸಲ್ ತೂಕಗಳು ತಪ್ಪಾಗಿ ಕಾಣುತ್ತವೆ.

5. ಪ್ರತಿ ತೂಕಕ್ಕೂ ಮುದ್ರಿತ ಚೀಟಿ ಪಡೆದು ವಾಹನದ ದಾಖಲೆಗಳೊಡನೆ ಇಡಬೇಕು.

ಒಂದು ಮಾದರಿ ಲೆಕ್ಕ

ಎರಡು ಆಕ್ಸಲುಗಳ ಎಳೆಯುವ ಲಾರಿ ಮತ್ತು ಮೂರು ಆಕ್ಸಲುಗಳ ಟ್ರೈಲರ್ ಇದೆ ಎಂದು ಭಾವಿಸೋಣ. ನೋಂದಣಿ ಪತ್ರದ ಪ್ರಕಾರ ಮಿತಿಗಳು: ಮುಂದಿನ ಆಕ್ಸಲ್ 7,000 ಕಿಲೋ, ಲಾರಿಯ ಹಿಂದಿನ ಆಕ್ಸಲ್ 11,500 ಕಿಲೋ, ಟ್ರೈಲರಿನ ಗುಂಪು 27,000 ಕಿಲೋ, ಒಟ್ಟು 45,500 ಕಿಲೋ.

ಪತ್ರದಲ್ಲಿ ಖಾಲಿ ತೂಕವು ಲಾರಿಗೆ 6,800, ಟ್ರೈಲರಿಗೆ 6,200, ಅಂದರೆ ಒಟ್ಟು 13,000 ಕಿಲೋ ಎಂದಿದೆ. ಆದರೆ ಪ್ರಯಾಣದ ಸ್ಥಿತಿಯಲ್ಲಿ ತೂಗಿದಾಗ ಲಾರಿ 7,300, ಟ್ರೈಲರ್ 6,400, ಒಟ್ಟು 13,700 ಕಿಲೋ ಬಂದಿತು. ಕಾಗದಕ್ಕಿಂತ 700 ಕಿಲೋ ಹೆಚ್ಚು.

ಸಾಗಿಸಬೇಕಾದ 40 ಅಡಿಯ ಕಂಟೇನರಿನ ಖಾಲಿ ತೂಕ 3,800 ಕಿಲೋ. ಅದರ ಫಲಕದಲ್ಲಿರುವ ಗರಿಷ್ಠ ಒಟ್ಟು ತೂಕ 30,480 ಕಿಲೋ.

ವಾಹನದ ಮಿತಿಯಂತೆ ಹೇರಬಹುದಾದ ಸರಕು: 45,500ರಲ್ಲಿ 13,700 ಮತ್ತು 3,800 ಕಳೆದರೆ 28,000 ಕಿಲೋ.

ಕಂಟೇನರಿನ ಮಿತಿಯಂತೆ ತುಂಬಬಹುದಾದ ಸರಕು: 30,480ರಲ್ಲಿ 3,800 ಕಳೆದರೆ 26,680 ಕಿಲೋ.

ಎರಡರಲ್ಲಿ ಕಡಿಮೆಯಾದುದು 26,680. ಆದುದರಿಂದ ವಾಹನದಲ್ಲಿ ಇನ್ನೂ ಅವಕಾಶವಿದ್ದರೂ ಸರಕು 26,680 ಕಿಲೋ ಮೀರುವಂತಿಲ್ಲ.

ವ್ಯಾಪಾರಿಯ ಬಿಲ್ಲಿನಲ್ಲಿ ಸರಕು 25,800 ಕಿಲೋ ಎಂದಿದೆ. ತಲಾ 25 ಕಿಲೋ ತೂಗುವ 20 ಮರದ ಹಲಗೆಮಣೆಗಳಿಗೆ 500 ಕಿಲೋ, ಚೀಲ ಮತ್ತು ಮರದ ತುಂಡುಗಳಿಗೆ 300 ಕಿಲೋ ಸೇರಿಸಿದರೆ 26,600 ಆಯಿತು. ಇದು ಮಿತಿಯೊಳಗಿದೆ. ‘ಇಪ್ಪತ್ತಾರು ಟನ್ ತಾನೆ’ ಎಂದು ಬಿಲ್ಲಿನ ಸರಕನ್ನೇ 26,000 ಕಿಲೋ ತುಂಬಿದ್ದರೆ ಕಂಟೇನರಿನ ಮಿತಿಯು 120 ಕಿಲೋ ಮೀರಿಹೋಗುತ್ತಿತ್ತು.

ಈಗ ತೂಗಿ ನೋಡೋಣ. ಮೊದಲ ಅಂಕಿ 6,200, ಎರಡನೆಯದು 18,800, ಮೂರನೆಯದು 44,100. ಇವುಗಳಿಂದ ಆಕ್ಸಲ್ ತೂಕಗಳನ್ನು ಹೀಗೆ ಕಂಡುಹಿಡಿಯಬೇಕು:

ಮುಂದಿನ ಆಕ್ಸಲ್: 6,200 ಕಿಲೋ. ಮಿತಿ 7,000. ಸರಿಯಿದೆ.

ಲಾರಿಯ ಹಿಂದಿನ ಆಕ್ಸಲ್: 18,800ರಲ್ಲಿ 6,200 ಕಳೆದರೆ 12,600 ಕಿಲೋ. ಮಿತಿ 11,500. 1,100 ಕಿಲೋ ಹೆಚ್ಚು.

ಟ್ರೈಲರಿನ ಗುಂಪು: 44,100ರಲ್ಲಿ 18,800 ಕಳೆದರೆ 25,300 ಕಿಲೋ. ಮಿತಿ 27,000. ಸರಿಯಿದೆ.

ಈ ಲೆಕ್ಕದ ಮುಖ್ಯ ಪಾಠ ಇಲ್ಲಿದೆ. ಒಟ್ಟು ತೂಕವು ಮಿತಿಗಿಂತ 1,400 ಕಿಲೋ ಕಡಿಮೆಯಿದೆ. ಆದರೂ ಒಂದು ಆಕ್ಸಲ್ ಮಿತಿ ಮೀರಿದೆ. ಎರಡನೆಯ ಅಂಕಿಯಾದ 18,800ರಲ್ಲಿ ಲಾರಿಯ ಸ್ವಂತ ತೂಕ 7,300 ಕಳೆದರೆ ಕಿಂಗ್‌ಪಿನ್ ಭಾರವು 11,500 ಕಿಲೋ ಎಂದು ತಿಳಿಯುತ್ತದೆ. ಸರಕು ಕಂಟೇನರಿನ ಮುಂಭಾಗದಲ್ಲಿ ಒತ್ತಾಗಿ ಕುಳಿತಿದೆ. ಗಾಡಿಯವನ ಮಾತಿನಲ್ಲಿ ಹೇಳುವುದಾದರೆ, ಇದು ಮುಂಭಾರ.

ಪರಿಹಾರವು ಸರಕನ್ನು ಹಿಂದಕ್ಕೆ ಸರಿಸುವುದು. ಕಿಂಗ್‌ಪಿನ್ನಿಗೂ ಟ್ರೈಲರಿನ ಆಕ್ಸಲುಗಳ ನಡುಬಿಂದುವಿಗೂ 9 ಮೀಟರ್ ಅಂತರವಿದೆ ಎನ್ನೋಣ. 2,400 ಕಿಲೋ ಸರಕನ್ನು 5 ಮೀಟರ್ ಹಿಂದಕ್ಕೆ ಸರಿಸಿದರೆ, 2,400ನ್ನು 5ರಿಂದ ಗುಣಿಸಿ 9ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 1,330 ಕಿಲೋ ಭಾರವು ಲಾರಿಯಿಂದ ಟ್ರೈಲರಿನ ಗಾಲಿಗಳಿಗೆ ವರ್ಗವಾಗುತ್ತದೆ. ಇದರಲ್ಲಿ 1,200 ಕಿಲೋ ಹಿಂದಿನ ಆಕ್ಸಲಿನಿಂದಲೂ ಉಳಿದ 130 ಕಿಲೋ ಮುಂದಿನ ಆಕ್ಸಲಿನಿಂದಲೂ ಇಳಿಯಿತೆಂದುಕೊಂಡರೆ, ಹೊಸ ತೂಕಗಳು ಕ್ರಮವಾಗಿ 6,070, 11,400 ಮತ್ತು 26,630 ಆಗುತ್ತವೆ. ಮೂರೂ ಮಿತಿಯೊಳಗೆ ಬಂದವು. ಒಂದು ಚೀಲವನ್ನೂ ಇಳಿಸಬೇಕಾಗಲಿಲ್ಲ. ಸರಿಸಿದ ನಂತರ ಮತ್ತೊಮ್ಮೆ ತೂಗಿ ಖಚಿತಪಡಿಸಿಕೊಳ್ಳುವುದು ಅವಶ್ಯ.

ಮಿತಿ ಮೀರಿದರೆ ಆಗುವುದೇನು

ಎಂಜಿನ್ನಿನ ಶಕ್ತಿಯು ಎಳೆಯುವ ಮಾತಿಗೆ ಸಂಬಂಧಿಸಿದ್ದು. ಜೀವ ಉಳಿಸುವುದು ನಿಲ್ಲಿಸುವ ಶಕ್ತಿ. 44 ಟನ್ ತೂಕದ ವಾಹನವೊಂದು 300 ಮೀಟರ್ ಎತ್ತರದ ಘಟ್ಟವನ್ನು ಇಳಿಯುವಾಗ ಹೊರಬೀಳುವ ಶಕ್ತಿಯು ಸುಮಾರು 400 ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಬಲ್ಲುದು. ಎಂಜಿನ್ನಿನ ತಡೆ, ರಸ್ತೆ ಮತ್ತು ಗಾಳಿಯ ತಡೆಗಳು ಇದರಲ್ಲಿ ಒಂದು ಪಾಲನ್ನು ಹೀರುತ್ತವೆ. ಉಳಿದುದೆಲ್ಲವೂ ಬ್ರೇಕ್ ಡ್ರಮ್ಮುಗಳಲ್ಲಿ ಶಾಖವಾಗುತ್ತದೆ. 10 ಟನ್ ಹೆಚ್ಚು ಹೇರಿದರೆ ಇನ್ನೂ 90 ಲೀಟರ್ ನೀರು ಕುದಿಸುವಷ್ಟು ಶಾಖ ಸೇರುತ್ತದೆ. ಡ್ರಮ್ಮು ಮಿತಿ ಮೀರಿ ಕಾದಾಗ ಲೈನಿಂಗಿನ ಹಿಡಿತ ಕುಗ್ಗುತ್ತದೆ. ಚಾಲಕನು ಎಷ್ಟು ತುಳಿದರೂ ವಾಹನ ನಿಲ್ಲುವುದಿಲ್ಲ. ಮುಂಬಯಿ–ಪುಣೆ ನಡುವಣ ಬೋರ್ ಘಟ್ಟ, ಪುಣೆ–ಸಾತಾರಾ ಮಾರ್ಗದ ಖಂಬಾಟ್ಕಿ ಘಟ್ಟ, ಮಂಗಳೂರಿನ ದಾರಿಯ ಶಿರಾಡಿ ಘಟ್ಟಗಳನ್ನು ಬಲ್ಲ ಚಾಲಕರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಿಲ್ಲ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಯುವವರು ಎಂಜಿನ್ನಿನ ತಡೆಯನ್ನೂ ಕೈಯಾರೆ ಕಳೆದುಕೊಳ್ಳುತ್ತಾರೆ.

ಹೆಚ್ಚಿನ ಭಾರದಿಂದ ಟೈರುಗಳು ಕಾದು ಸಿಡಿಯುತ್ತವೆ. ಸ್ಪ್ರಿಂಗ್ ಪಟ್ಟಿಗಳು ಮುರಿಯುತ್ತವೆ. ರಸ್ತೆಗೆ ಆಗುವ ಹಾನಿಯಂತೂ ಭಾರಕ್ಕಿಂತ ಬಹು ವೇಗವಾಗಿ ಬೆಳೆಯುತ್ತದೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ನಡೆದ ದೊಡ್ಡ ಪ್ರಯೋಗದಿಂದ, ಈ ಹಾನಿಯು ಸ್ಥೂಲವಾಗಿ ಆಕ್ಸಲ್ ಭಾರದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿದೆ ಎಂದು ತಿಳಿದುಬಂದಿತು. 11.5 ಟನ್ ಮಿತಿಯ ಆಕ್ಸಲಿನ ಮೇಲೆ 14 ಟನ್ ಹೇರಿದರೆ ಭಾರವು ಐದನೆಯ ಒಂದು ಪಾಲಿನಷ್ಟು ಹೆಚ್ಚುತ್ತದೆ. ರಸ್ತೆಯ ಸವೆತವಾದರೋ ಇಮ್ಮಡಿಗಿಂತ ಅಧಿಕವಾಗುತ್ತದೆ.

ಕಬ್ಬಿನ ಟ್ರಾಕ್ಟರುಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿಯೂ ಗಡಿಯಾಚೆಯ ಕೊಲ್ಹಾಪುರ, ಸಾಂಗಲಿ, ಸೊಲ್ಲಾಪುರಗಳಲ್ಲಿಯೂ ಕಬ್ಬು ನುರಿಸುವ ಹಂಗಾಮಿನಲ್ಲಿ ಒಂದು ಟ್ರಾಕ್ಟರಿಗೆ ಎರಡು ಟ್ರೈಲರುಗಳನ್ನು ಕಟ್ಟಿ ಎಳೆಯುವುದು ಸಾಮಾನ್ಯ ದೃಶ್ಯ. ಹೊಲ ಉಳಲು ರೂಪಿಸಿದ ಟ್ರಾಕ್ಟರು ಕಡಿಮೆ ವೇಗದಲ್ಲಿ ಬಹಳ ಭಾರವನ್ನು ಎಳೆಯಬಲ್ಲುದು. ಅಷ್ಟೇ ಭಾರವನ್ನು ಇಳಿಜಾರಿನಲ್ಲಿ ತಡೆಯಲಾರದು. ಟ್ರೈಲರಿಗೆ ಸ್ವಂತ ಬ್ರೇಕ್ ಇಲ್ಲದಿದ್ದರೆ ಹಿಂದಿನ ಭಾರವು ಟ್ರಾಕ್ಟರನ್ನೇ ಮುಂದಕ್ಕೆ ನೂಕುತ್ತದೆ. ಏರಿನಲ್ಲಿ ಕೊಂಡಿಯ ಎಳೆತ ಅತಿಯಾದರೆ ಮುಂಗಾಲಿಗಳು ನೆಲ ಬಿಟ್ಟು ಏಳುತ್ತವೆ. ಚುಕ್ಕಾಣಿ ಕೆಲಸ ಮಾಡುವುದಿಲ್ಲ.

ಇಲ್ಲಿ ತೂಕ ತಿಳಿಯುವುದಕ್ಕೆ ಬೇರೆ ಖರ್ಚೇ ಇಲ್ಲ. ಕಾರ್ಖಾನೆಯು ಪ್ರತಿ ಹೇರನ್ನೂ ತೂಗಿ ಚೀಟಿ ಕೊಡುತ್ತದೆ. ರೈತನು ಹಣಕ್ಕಾಗಿ ಅದರಲ್ಲಿ ಕಬ್ಬಿನ ನಿವ್ವಳ ತೂಕವನ್ನು ನೋಡುತ್ತಾನೆ. ಅದೇ ಚೀಟಿಯ ಒಟ್ಟು ತೂಕವನ್ನು ನೋಂದಣಿ ಪತ್ರಗಳೊಡನೆ ಹೋಲಿಸಿದರೆ, ಎಷ್ಟು ಎತ್ತರಕ್ಕೆ ತುಂಬಿದರೆ ಮಿತಿಯೊಳಗೆ ಇರುತ್ತದೆ ಎಂಬುದು ಒಂದೆರಡು ಸಲದಲ್ಲಿಯೇ ತಿಳಿದುಬರುತ್ತದೆ. ಆ ಎತ್ತರದಲ್ಲಿ ಟ್ರೈಲರಿನ ಗೂಟಕ್ಕೆ ಬಣ್ಣದ ಗುರುತು ಹಾಕಿಟ್ಟರೆ ತುಂಬುವ ಕೂಲಿಗಳಿಗೂ ಅನುಕೂಲ. ರಾತ್ರಿಯ ಪ್ರಯಾಣಕ್ಕೆ ಕೊನೆಯ ಟ್ರೈಲರಿನ ಹಿಂದೆ ಕೆಂಪು ಪ್ರತಿಫಲಕಗಳು ಇರಲೇಬೇಕು.

ಕಾನೂನು ಏನು ಹೇಳುತ್ತದೆ

ಅಧಿನಿಯಮದ 113ನೆಯ ಪ್ರಕರಣವು ನೋಂದಣಿ ಪತ್ರದ ಒಟ್ಟು ತೂಕವನ್ನು ಮೀರಿ ವಾಹನ ಅಥವಾ ಟ್ರೈಲರನ್ನು ಓಡಿಸುವುದನ್ನು ನಿಷೇಧಿಸಿದೆ. ಚಾಲಕನು ಮಾಲೀಕನಲ್ಲದಿದ್ದಲ್ಲಿ, ಅಪರಾಧವು ಮಾಲೀಕನ ಅರಿವಿನಿಂದ ಅಥವಾ ಆಜ್ಞೆಯಿಂದ ನಡೆಯಿತೆಂದು ನ್ಯಾಯಾಲಯವು ಭಾವಿಸಬಹುದು. 114ನೆಯ ಪ್ರಕರಣದಂತೆ ಅಧಿಕಾರಿಯು ವಾಹನವನ್ನು ತೂಗಿಸಲು ಸೂಚಿಸಬಹುದು. ಹೆಚ್ಚಾದ ಭಾರವನ್ನು ಇಳಿಸುವವರೆಗೆ ವಾಹನ ಕದಲದಂತೆ ಲಿಖಿತ ಆದೇಶ ನೀಡಬಹುದು.

2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, 194ನೆಯ ಪ್ರಕರಣದಡಿ ದಂಡವು 20,000 ರೂಪಾಯಿ. ಅದರ ಮೇಲೆ ಹೆಚ್ಚುವರಿ ಟನ್ ಒಂದಕ್ಕೆ 2,000 ರೂಪಾಯಿ. ನಾಲ್ಕು ಟನ್ ಹೆಚ್ಚಾಗಿದ್ದರೆ 28,000 ರೂಪಾಯಿ ಆಗುತ್ತದೆ. ಇಳಿಸುವ ಖರ್ಚು ಬೇರೆ. ನಿಲ್ಲಿಸಿ ತೂಗಿಸಲು ನಿರಾಕರಿಸಿದರೆ 40,000 ರೂಪಾಯಿ. ಓಡಿಸಿದವನಷ್ಟೇ ಅಲ್ಲ, ಓಡಿಸಲು ಹಚ್ಚಿದವನೂ ಬಿಟ್ಟವನೂ ಹೊಣೆಗಾರರು. ‘ದಂಡ ಕಟ್ಟಿದರೆ ಮುಂದೆ ಹೋಗಬಹುದು’ ಎಂಬ ನಂಬಿಕೆಯು ತಪ್ಪು. ದಂಡ ಪಡೆದು ಹೆಚ್ಚಿನ ಭಾರದೊಡನೆಯೇ ಮುಂದೆ ಬಿಡುವ ಪದ್ಧತಿಯು ಅಧಿನಿಯಮಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯವು 2005ರ ನವೆಂಬರಿನಲ್ಲಿಯೇ ತೀರ್ಪಿತ್ತಿದೆ.

ರಸ್ತೆ ಸಾಗಣೆ ಅಧಿನಿಯಮ, 2007ರ ಪ್ರಕಾರ ಸರಕು ಕಳುಹಿಸುವವರು ಬರೆದುಕೊಡುವ ಪತ್ರದ ವಿವರಗಳು ಸರಿಯಾಗಿರುವುದು ಅವರ ಜವಾಬ್ದಾರಿ. ಆದುದರಿಂದ ಸಂಶಯ ಬಂದಾಗ ‘ತೂಗಿಸಿದ ಮೇಲೆ ಹೊರಡುತ್ತೇನೆ’ ಎಂದು ಹೇಳುವ ಚಾಲಕನು ಉದ್ಧಟನಲ್ಲ. ಕಾನೂನು ಅವನ ಪರವಾಗಿದೆ. ಬಾಡಿಗೆ ಕೈತಪ್ಪೀತೆಂಬ ಅಂಜಿಕೆಯಿಂದ ಸುಮ್ಮನಾಗುವವರು ಅನೇಕರು. ಆದರೆ ದಂಡದ ಚೀಟಿ ಮೊದಲು ಬರುವುದು ಚಾಲಕನ ಕೈಗೆ. ಬ್ರೇಕ್ ಸೋತಾಗ ಕ್ಯಾಬಿನ್ನಿನಲ್ಲಿ ಕುಳಿತಿರುವವನೂ ಅವನೇ. ಮಾಲೀಕರು ಇದನ್ನು ಅರಿತು, ತೂಗಿಸಿದ ಸಮಯವನ್ನೂ ವೇಬ್ರಿಜ್ ಶುಲ್ಕವನ್ನೂ ಪ್ರಯಾಣದ ಖರ್ಚಿನಲ್ಲಿಯೇ ಸೇರಿಸಿಕೊಳ್ಳುವುದು ಉಚಿತ.

ನೆನಪಿಡಬೇಕಾದ ಅಂಶಗಳು

ನೋಂದಣಿ ಪತ್ರ, ಫಿಫ್ತ್ ವ್ಹೀಲ್, ಟೈರು, ಕಂಟೇನರ್ ಇವುಗಳ ಮಿತಿಗಳಲ್ಲಿ ಮೊದಲು ತಲುಪುವುದೇ ನಿಜವಾದ ಮಿತಿ. ಬಿಲ್ಲಿನ ತೂಕವು ಹೇರಿನ ತೂಕವಲ್ಲ. ಒಟ್ಟು ತೂಕ ಸರಿಯಿದ್ದರೂ ಆಕ್ಸಲ್ ತೂಕ ಮೀರಿರಬಹುದು. ಎಳೆಯಬಲ್ಲುದೆಲ್ಲವನ್ನೂ ವಾಹನ ನಿಲ್ಲಿಸಲಾರದು.

ಅಭ್ಯಾಸ

1. ಜೋಡಿ ವಾಹನದ ಮಿತಿ 55,000 ಕಿಲೋ. ಪ್ರಯಾಣದ ಸ್ಥಿತಿಯ ಖಾಲಿ ತೂಕ 15,900. ಒಂದೇ ಕಂಟೇನರಿದ್ದು ಅದರ ಖಾಲಿ ತೂಕ 2,300, ಗರಿಷ್ಠ ಒಟ್ಟು ತೂಕ 30,480. ಎಷ್ಟು ಸರಕು ತುಂಬಬಹುದು?

2. ಮೂರು ಆಕ್ಸಲುಗಳ ಲಾರಿಯು ಮೂರು ಆಕ್ಸಲುಗಳ ಟ್ರೈಲರಿನಲ್ಲಿ ಉಕ್ಕಿನ ಸುರುಳಿಗಳನ್ನು ಒಯ್ಯುತ್ತಿದೆ. ಮೂರು ಅಂಕಿಗಳು 6,400, 26,900 ಮತ್ತು 52,600. ಮಿತಿಗಳು ಮುಂದೆ 7,000, ಜೋಡಿ ಆಕ್ಸಲಿಗೆ 21,000, ಟ್ರೈಲರಿಗೆ 27,000. ವಾಹನವು ಹೊರಡಬಹುದೇ?

ಉತ್ತರಗಳು: (1) 28,180 ಕಿಲೋ, ಇಲ್ಲಿ ಕಂಟೇನರಿನ ಮಿತಿಯೇ ಕಡಿಮೆಯಾದುದು. (2) ಹೊರಡಬಹುದು, ಜೋಡಿ ಆಕ್ಸಲಿನ ಮೇಲೆ 20,500, ಟ್ರೈಲರಿನ ಮೇಲೆ 25,700 ಕಿಲೋ ಇದ್ದು ಎಲ್ಲವೂ ಮಿತಿಯೊಳಗಿವೆ.